ಚಿನಾಮಿನಿ ಎಂದ ಮೇಲೆ

ಹೋಬೋಕನ್‌ನ ರಮಾಮಣಿ ಜಪಾನಿ ಕಲಿತದ್ದು ಕ್ಯೋಟೋದ ಒಂದು ತರಕಾರಿ ಅಂಗಡಿಯಲ್ಲಿ. ಗಂಡ ದಿವಾಕರ ಅಲ್ಲಿ ಸಂಶೋಧನೆಯಲ್ಲಿದ್ದ ವರ್ಷಗಳಲ್ಲಿ ಅಂಗಡಿಯಾಕೆಯೊಡನೆ ಹರಟಿ ಹರಟಿಯೇ ಭಾಷೆ ನಾಲಿಗೆಗೆ ಹತ್ತಿತ್ತು. ಮಾತು ಮುಗಿಯಿತು ಅನ್ನುವಾಗ ಅಂಗಡಿಯಾಕೆ ‘ಚಿನಾಮಿನಿ’ ಎನ್ನುತ್ತಿದ್ದಳು, ನಮ್ಮ ‘ಅಂದ ಹಾಗೆ’ ಇದ್ದಂತೆ. ತನ್ನ ಗಂಡ ಹಾಸಿಗೆ ಹಿಡಿದ ಸುದ್ದಿಯನ್ನೂ ಆಕೆ ಹಾಗೇ ಹೇಳಿದ್ದಳು.

ಎಪ್ಪತ್ತಮೂರರ ಚಳಿಗಾಲದಲ್ಲಿ ನ್ಯೂಜೆರ್ಸಿಯ ಬಣ್ಣದ ಕಾರ್ಖಾನೆಯೊಂದಕ್ಕೆ ಹಬೆಯಿಂದ ನಡೆಯುವ ಜಪಾನಿನ ಯಂತ್ರ ಬಂತು. ಜೊತೆಗೆ ಬಂದವರು ಎಂಜಿನಿಯರ್ ಕುವಬಾರಾ, ಮೆಲುಮಾತಿನ ಮನುಷ್ಯ. ರಮಾಮಣಿ ದುಭಾಷಿ. ಅಡ್ಡಮಾತೆಲ್ಲ ಬೇಡ, ಮುಖ್ಯವಾದದ್ದಷ್ಟೇ ಹೇಳು ಎಂದು ಮ್ಯಾನೇಜರ್ ಮೊದಲೇ ತಾಕೀತು ಮಾಡಿದ್ದ.

ಯಂತ್ರ ಶುರುವಾದ ಮೇಲೆ ಕುವಬಾರಾ ಎಲ್ಲ ಸರಿಯಿದೆ ಎಂದರು. ‘ತದಾಶಿ’, ಅಂದರೆ ‘ಆದರೆ ಒಂದು ಮಾತು’, ಎಂದು ಸೇರಿಸಿ, ಇಷ್ಟು ಚಳಿಯಲ್ಲಿ ಇದನ್ನು ಓಡಿಸಿ ನೋಡಿಲ್ಲ ಎಂದರು. ಆಕೆ ಅದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಮ್ಯಾನೇಜರ್ ಊಟಕ್ಕೆ ಎದ್ದಿದ್ದ. ಕುವಬಾರಾ ಕೋಟು ತೊಡುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: “ಚಿನಾಮಿನಿ, ಬೆಳಗಿನಿಂದ ಸೇಫ್ಟಿ ವಾಲ್ವ್ ಸದ್ದೇ ಮಾಡಿಲ್ಲ.”

ಹೆಚ್ಚಾದ ಹಬೆಯನ್ನು ಆಗಾಗ ಬುಸ್ಸೆಂದು ಹೊರಬಿಡಬೇಕಾದ ವಾಲ್ವ್ ಅದು. ರಮಾಮಣಿ ಹಿಮದಲ್ಲಿ ಜಾರುತ್ತ ಮ್ಯಾನೇಜರನ ಕಾರಿನವರೆಗೆ ಓಡಿದಳು. ರಿಪೋರ್ಟಿನಲ್ಲಿ ಬರೆಯಿರಿ ಎಂದು ಅವನು ಗಾಜು ಏರಿಸಿದ. ಆಫೀಸಿನಿಂದ ಗಂಡನಿಗೆ ಫೋನ್ ಮಾಡಿದಳು.

“ನಿನ್ನ ಕೆಲಸ ಮಾತು ಮುಟ್ಟಿಸೋದು ತಾನೆ? ಮುಟ್ಟಿಸಿದೀಯ. ಮನೆಗೆ ಬಾ,” ಎಂದ ದಿವಾಕರ.

“ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿಲ್ಲ ರೀ.”

ಒಳಗೆ ಯಂತ್ರದ ಗುಡುಗು ಹೆಚ್ಚಿದಂತಿತ್ತು. ಫೋರ್‌ಮನ್ ಸ್ಯಾಲ್ ಮುದುಕ, ಆಕೆ ಹೇಳಿದ್ದನ್ನು ತಾಳ್ಮೆಯಿಂದ ಕೇಳಿಸಿಕೊಂಡ. ವಾಲ್ವಿನ ಕೊಳವೆಯ ಬಳಿ ಬಗ್ಗಿ ಕಿವಿಗೊಟ್ಟ. ಎದ್ದಾಗ ಮುಖ ಬಿಳಿಚಿತ್ತು. ಸೀಟಿ ಊದಿ ಎಲ್ಲರನ್ನೂ ಹೊರಗಟ್ಟಿದ, ರಮಾಮಣಿಯನ್ನೂ. ಹಬೆ ನಿಲ್ಲಿಸಲು ತಾನೊಬ್ಬನೇ ಉಳಿದ.

ಜನ ರಸ್ತೆಯಂಚಿಗೆ ಬಂದು ನಿಂತರು. ಆಮೇಲೆ ಕಿಟಕಿಗಳು ಒಟ್ಟಿಗೇ ಸಿಡಿದವು.

ಸ್ಯಾಲ್ ಬದುಕಿದ, ಎರಡೂ ಕೈ ಸುಟ್ಟಿದ್ದವು. ಮ್ಯಾನೇಜರ್ ಅದೃಷ್ಟ ಎಂದ. ರಮಾಮಣಿಯನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಆಕೆ ಆಸ್ಪತ್ರೆಗೆ ಸಾರನ್ನ ಒಯ್ದು ಚಮಚದಲ್ಲಿ ತಿನ್ನಿಸುತ್ತಿದ್ದಳು. ಸ್ಯಾಲ್ ಒಂದೆರಡು ತುತ್ತು ನುಂಗುತ್ತಿದ್ದ. ಗೋಡೆಯ ರೇಡಿಯೇಟರ್ ಬುಸ್ಸೆಂದರೆ ಸಾಕು, ಬಾಯಲ್ಲಿ ಅನ್ನವಿಟ್ಟುಕೊಂಡೇ ಬಾಗಿಲ ಕಡೆ ತಿರುಗುತ್ತಿದ್ದ, ಒಳಗೆ ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ಕೇಳುತ್ತಿದ್ದ.