ಈರುಳ್ಳಿ ಶೆಡ್ಡಿನಲ್ಲಿ ಒಣಗಿದ ಪುಸ್ತಕಗಳು

ನಮ್ಮ ಬಡಾವಣೆಯ ಲೈಬ್ರರಿ ಮುಚ್ಚುವುದಿಲ್ಲ! ನಿನ್ನೆ ಚಾಮರಾಜನಗರದಿಂದ ಬಂದಿದ್ದ ಲೈಬ್ರರಿ ಇಲಾಖೆಯ ಸಾಹೇಬರೇ ಬಾಯಿಬಿಟ್ಟು ಹೇಳಿಹೋದರು. ನನ್ನ ಮೊಮ್ಮಗಳು ಚಂದ್ರಿ ಇನ್ನು ಅಲ್ಲೇ ಕೂತು ಪರೀಕ್ಷೆಗೆ ಓದಬಹುದು. ಈ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಎರಡನೇ ಕ್ಲಾಸು. ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಆರಿಸುತ್ತಲೇ ತಲೆ ಬೆಳ್ಳಗಾಯಿತು. ನಮ್ಮದು ಒಂದೇ ಕೋಣೆಯ ಮನೆ. ಟಿವಿ, ಮಾತು, ಕುಕ್ಕರಿನ ಸೀಟಿ ಎಲ್ಲ ಅದರೊಳಗೇ. ಚಂದ್ರಿಗೆ ಓದಲು ಲೈಬ್ರರಿಯೇ ಗತಿ. ಹಾಗಾಗಿ ಮಂಡಿಯಲ್ಲಿ ಜೊತೆಗಿದ್ದ ನಾವು ಕೆಲವು ಹೆಂಗಸರು ಬಳಗ ಕಟ್ಟಿಕೊಂಡು, ಅಲ್ಲಿ ಕಸ ಗುಡಿಸಿ, ಕುಡಿಯುವ ನೀರು ತುಂಬಿಡುತ್ತಿದ್ದೆವು.

ಹೋದ ವಾರದ ಮಳೆಗೆ ಸೂರು ಸೋರಿ ಎರಡು ಬೀರು ಪುಸ್ತಕ ನೆನೆದವು. ಸಾಹೇಬರು ನೋಡಲು ಬರುತ್ತಾರೆ, ಪುಸ್ತಕ ಹಾಳಾಗಿದ್ದರೆ ಉಳಿದದ್ದನ್ನು ಸಾಗಿಸಿ ಬೀಗ ಹಾಕುತ್ತಾರೆ ಎಂಬ ಸುದ್ದಿ ಬಂತು. ಲೈಬ್ರರಿಯ ಸುಧಾ ಮೇಡಂ, "ಇಷ್ಟನ್ನೂ ಎಲ್ಲಿ ಹರಡ್ಲಿ ಅಜ್ಜಿ?" ಎಂದು ಕಣ್ಣೀರು ಹಾಕಿದರು.

"ಅಳ್ಬ್ಯಾಡಿ, ಈರುಳ್ಳಿ ಶೆಡ್ಡು ಖಾಲಿ ಅದೆ. ನಡೀರಿ ಓಗನ," ಎಂದಳು ಗೆಳತಿ ಮಾದಮ್ಮ.

ಗಾಳಿಯಾಡುವ ನೆರಳಿನಲ್ಲಿ ಹರಡಿ, ಸರದಿಯ ಮೇಲೆ ಹಾಳೆ ತಿರುವಿ ಒಣಗಿಸಿದೆವು. ಒಣಗಿದ ಮೇಲೆ ನಮ್ಮ ಕೈ ಹಳೇ ಅಭ್ಯಾಸಕ್ಕೆ ಬಿತ್ತು. ದಪ್ಪದ್ದು, ನಡುಗಾತ್ರದ್ದು, ಸಣ್ಣದು ಎಂದು ಆರಿಸಿ ಬೀರುಗಳಿಗೆ ತುಂಬಿಬಿಟ್ಟೆವು.

ನಿನ್ನೆ ಬೆಳಿಗ್ಗೆ ಮೇಡಂ ನೋಡಿ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ, ನಂಬರ್ ಪ್ರಕಾರ ಇಡ್ಬೇಕಿತ್ತು!" ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ನೆನೆದವುಗಳ ಪಟ್ಟಿ ನೋಡಿ ಕಾನೂನು ಪುಸ್ತಕ ಒಂದನ್ನು ಕೇಳಿದರು. ಮೇಡಂ ಹುಡುಕಿದರು, ಸಿಗಲಿಲ್ಲ.

ಮಾದಮ್ಮ ಮುಂದೆ ಬಂದಳು. "ದಪ್ಪದ್ದಾ, ಸಣ್ಣದ್ದಾ ಯೇಳಿ ಸಾ, ಕೊಟ್ಬುಡ್ತೀನಿ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ದಪ್ಪದ್ದೊಂದನ್ನು ತೆಗೆದುಕೊಂಡು ತಿರುವಿದರು. ಒಂದು ಹಾಳೆಯೂ ಅಂಟಿಕೊಂಡಿರಲಿಲ್ಲ. ಮೂಗಿನ ಹತ್ತಿರ ಹಿಡಿದು, "ಏನಮ್ಮಾ, ಒಗ್ಗರಣೆ ಹಾಕಿದ್ದೀರಾ?" ಎಂದರು. ಆಮೇಲೆ ಗಂಭೀರವಾಗಿ, "ಬೀಗ ಹಾಕಲ್ಲ. ಸೂರು ರಿಪೇರಿಗೆ ಬರೀತೀನಿ. ನೀವು ನಂಬರ್ ಪ್ರಕಾರ ಜೋಡಿಸಿ," ಎಂದರು.

ಮಂಡಿ ಕೆಲಸ ನನಗೆ ಕಲಿಸಿದ್ದು ಇಷ್ಟೇ: ನೆನೆದದ್ದನ್ನು ರಾಶಿ ಹಾಕಿಕೊಂಡು ಕೂರಬಾರದು, ಎಲ್ಲರೂ ಸೇರಿ ಹರಡಬೇಕು.

ಸಂಜೆ ಮಗ, ಸೊಸೆ, ಚಂದ್ರಿ, ನಾನು ಒಟ್ಟಿಗೆ ಕೂತು ಮುದ್ದೆ, ಹುರುಳಿ ಸಾರು ಉಂಡೆವು. ಚಂದ್ರಿ ಲೈಬ್ರರಿಯಿಂದ ತಂದಿದ್ದ ಪುಸ್ತಕ ಪಕ್ಕದಲ್ಲೇ ಇತ್ತು.

"ಅವ್ವಾ, ಸಾರ್‌ಗಿಂತ ಈ ಪುಸ್ತಕನೇ ಗಮ್ ಅಂತದೆ ಕಣವ್ವಾ," ಎಂದ ಮಗ.

ಚಂದ್ರಿ ಅದನ್ನು ತಟ್ಟೆಯಿಂದ ದೂರ ಸರಿಸಿಟ್ಟು, ಇನ್ನೊಂದು ಮುದ್ದೆಗೆ ಕೈ ಚಾಚಿದಳು.