ಕತ್ತರಿಯ ಕೆಳಗೆ ಹೋದ ಸಾಲು

ಪತ್ತೇದಾರಿ ಕಾದಂಬರಿ ಬರೆಯಲು ಪ್ರೇರಣೆ ಎಲ್ಲಿಂದ ಬರುತ್ತದೆ ಎಂದು ಕಾಲೇಜುಗಳಲ್ಲಿ ನನ್ನನ್ನು ಕೇಳುತ್ತಾರೆ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ, ಅವರ ಕಣ್ಣು ಆಮೇಲೆ ಕೊಡುವ ಉಪ್ಪಿಟ್ಟಿನ ಮೇಲೆ. ನಾನೂ ತಕ್ಕ ಸುಳ್ಳನ್ನೇ ಹೇಳುತ್ತೇನೆ: ಕದ್ರಿ ಗುಡ್ಡದ ನಡಿಗೆ, ಮನುಷ್ಯನ ಮನಸ್ಸಿನ ಕತ್ತಲೆ. ಮಂಗಳೂರಿನ ಎಲ್ಲ ಸಭಾಂಗಣಗಳಲ್ಲೂ ಇದಕ್ಕೆ ಚಪ್ಪಾಳೆ ಬಿದ್ದಿದೆ.

ನಿಜ ಇಷ್ಟೇ. ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತುಗಳನ್ನು ನಾನು ಕತ್ತರಿಸಿ ಫೈಲಿನಲ್ಲಿ ಇಡುತ್ತೇನೆ. ಸತ್ತವರ ಬಗ್ಗೆ ನನಗೆ ಆಸಕ್ತಿಯಿಲ್ಲ. ಫೋಟೋದ ಕೆಳಗೆ 'ದುಃಖತಪ್ತರು' ಎಂದು ಹೆಸರುಗಳ ಪಟ್ಟಿ ಇರುತ್ತದಲ್ಲ, ಅದನ್ನು ಓದುತ್ತೇನೆ. ಮೂವರು ಗಂಡುಮಕ್ಕಳು, ಇಬ್ಬರೇ ಸೊಸೆಯಂದಿರು. ಮೂರನೆಯವಳು ಎಲ್ಲಿ ಹೋದಳು? ಇನ್ನೂರು ಪುಟಕ್ಕೆ ಅಷ್ಟು ಸಾಕು. ಎಂ.ಎ. ಓದಿದ್ದು ಇದಕ್ಕೆ.

ಜನ ಸ್ವಲ್ಪ ಹೊಗಳಿದ ನನ್ನ ಕಾದಂಬರಿಯೂ ಹೀಗೆಯೇ ಹುಟ್ಟಿತು. ಬಿಜೈಯ ನಿವೃತ್ತ ಮೇಷ್ಟ್ರೊಬ್ಬರು ಸಾಯುತ್ತಾರೆ, ಜಾಹೀರಾತಿನಲ್ಲಿ ಮಗಳ ಹೆಸರಿಲ್ಲ. ಅಪ್ಪ ಮಗಳನ್ನು ದೂರ ಮಾಡಿದ್ದ ಎಂದು ಪತ್ತೇದಾರ ಅದರಿಂದ ಊಹಿಸುತ್ತಾನೆ, ಕೊಲೆಗಾರ ಸಿಕ್ಕಿಬೀಳುತ್ತಾನೆ. ನಿಜದ ಮೇಷ್ಟ್ರು ನಮ್ಮ ಬೀದಿಯವರೇ. ಅವರ ಜಾಹೀರಾತು ಎಷ್ಟೋ ವರ್ಷ ನನ್ನ ಫೈಲಿನಲ್ಲಿ ಬಿದ್ದಿತ್ತು.

ಕಳೆದ ವರ್ಷ ಒಂದು ಭಾನುವಾರ ಆ ಮೇಷ್ಟ್ರ ಮಗಳು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ನೇರ ನಮ್ಮ ಮನೆಗೆ ಬಂದರು. ಕುವೈಟ್‌ನಲ್ಲಿ ನರ್ಸ್ ಆಗಿದ್ದು ನಿವೃತ್ತರಾಗಿ ಊರಿಗೆ ಮರಳಿದವರು.

"ನೀವು ನಮ್ಮ ಅಪ್ಪನನ್ನು ಕೊಂದಿದ್ದೀರಿ," ಎನ್ನುತ್ತಾ ಕುರ್ಚಿಯಲ್ಲಿ ಕುಳಿತರು.

"ಅದು ಕಾಲ್ಪನಿಕ ಪಾತ್ರ. ಹೆಸರೇ ಬೇರೆ," ಎಂದೆ.

"ಹೆಸರು ಬೇರೆ. ಕಪ್ಪು ಕೊಡೆ ಉಂಟು, ಕುಂಟು ಕಾಲು ಉಂಟು, ನಾಲ್ಕು ಗಂಟೆಗೆ ಬನ್ಸ್ ತಿನ್ನುವುದೂ ಉಂಟು. ಬನ್ಸ್ ಆದರೂ ಬದಲಿಸಬಹುದಿತ್ತಲ್ಲ ಮಾರಾಯ್ರೆ."

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

"ಕೊಂದದ್ದಕ್ಕೆ ಬೇಜಾರಿಲ್ಲ, ಹೇಗೂ ಸತ್ತವರು. ಅಪ್ಪ ನನ್ನನ್ನು ಬಿಟ್ಟದ್ದು ಅಂತ ಬರೆದಿದ್ದೀರಲ್ಲ? ಇಗರ್ಜಿಯಲ್ಲಿ ಹೆಂಗಸರು ಕೇಳ್ತಾರೆ, ನಿಮ್ಮೊಳಗೆ ಎಂತ ಆಗಿತ್ತು ಅಂತ. ಪೇಪರಿನಲ್ಲಿ ನನ್ನ ಹೆಸರು ಇತ್ತು."

"ಇರಲಿಲ್ಲ," ಎಂದೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದವನ ದನಿ ಅದು.

ಅವರು ಪ್ರಾರ್ಥನಾ ಪುಸ್ತಕದೊಳಗಿಂದ ಲ್ಯಾಮಿನೇಟ್ ಮಾಡಿಸಿದ ಅದೇ ಜಾಹೀರಾತನ್ನು ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿಯ ಕೊನೆಯ ಸಾಲು ಅವರದು, ಹೆಸರಿನ ಪಕ್ಕದಲ್ಲಿ ಕುವೈಟ್. ನಾನು ನನ್ನ ಫೈಲು ತಂದೆ. ನನ್ನ ತುಣುಕಿನ ಕೆಳಗಿನ ಅಂಚು ಓರೆಯಾಗಿತ್ತು. ಅಂಚಿನುದ್ದಕ್ಕೂ ಅಕ್ಷರಗಳ ತಲೆಕಟ್ಟುಗಳಷ್ಟೇ ಉಳಿದಿದ್ದವು. ಆ ಸಾಲನ್ನು ಕತ್ತರಿಸಿ ಎಸೆದವನು ನಾನೇ.

ಬೇಕೆಂದೇ ಮಾಡಿದ್ದಲ್ಲ ಎಂದೆ. ಅಡುಗೆಮನೆಯ ಮೇಜು, ಹೆಂಡತಿಯ ಹೊಲಿಗೆ ಕತ್ತರಿ, ಊಟಕ್ಕೆ ಅವಳ ಅವಸರ, ಎಲ್ಲ ಚೆನ್ನಾಗಿ ನೆನಪಿದೆ ಎಂದು ವಿವರಿಸಿದೆ. ಹೆಂಡತಿ ಬಾಗಿಲಿಗೆ ಬಂದು ನಿಂತಳು. "ಆಗ ನಮಗೆ ಮದುವೆಯೇ ಆಗಿರಲಿಲ್ಲ. ನನ್ನ ಕತ್ತರಿ ನಿಮಗೆ ಎಲ್ಲಿಂದ ಸಿಕ್ಕಿತು?"

ಸಾಕ್ಷಿಗಳ ನೆನಪನ್ನು ಕಾದಂಬರಿಗಳಲ್ಲಿ ಪುಟಗಟ್ಟಲೆ ಲೇವಡಿ ಮಾಡಿದವನು ನಾನು. ಬೇಕೆಂದು ಕತ್ತರಿಸಿದೆನೋ, ಕೈತಪ್ಪಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಹೂಳುವಾಗ ನಾನಿರಲಿಲ್ಲ," ಎಂದರು ನರ್ಸ್. "ರಜೆ ಸಿಗಲಿಲ್ಲ. ಆ ಸಾಲಿನಲ್ಲಿ ಮಾತ್ರ ಇದ್ದೆ."

'ಪಾತ್ರಗಳೆಲ್ಲ ಕಾಲ್ಪನಿಕ' ಎಂದು ಮುದ್ರಿಸುತ್ತೇನೆ ಎಂದೆ.

"ಅದು ಮೊದಲೇ ಉಂಟು. ಯಾರು ಓದ್ತಾರೆ ಅದನ್ನು? ಎರಡನೇ ಮುದ್ರಣ ಬರ್ತದಂತಲ್ಲ. ಮಗಳ ಹೆಸರು ಪಟ್ಟಿಗೆ ಹಾಕಿ."

ಹಾಕಿದರೆ ಸುಳಿವೇ ಇಲ್ಲ. ನನ್ನ ಬುದ್ಧಿವಂತ ಪತ್ತೇದಾರ ಬನ್ಸ್ ತಿನ್ನುತ್ತಾ ಕೂರಬೇಕು. ಸಾಹಿತಿಯ ಸ್ವಾತಂತ್ರ್ಯದ ಬಗ್ಗೆ ಅವರಿಗೊಂದು ಪತ್ರ ಬರೆದೆ. ಓದಿದಾಗ ನನಗೇ ಹೇಸಿಗೆಯಾಗಿ ಹರಿದೆ.

ಕೊನೆಗೆ ಫೈಲಿನಲ್ಲೇ ದಾರಿ ಸಿಕ್ಕಿತು. ನನ್ನ ಅಪ್ಪನ ಜಾಹೀರಾತೂ ಅಲ್ಲಿತ್ತು: ಕೊಟ್ಟಾರದ ಬಟ್ಟೆ ಅಂಗಡಿ, ಇಬ್ಬರು ಮಕ್ಕಳು, ಮೊದಲು ಅಣ್ಣ, ಆಮೇಲೆ ನಾನು. ಎರಡನೇ ಮುದ್ರಣದಲ್ಲಿ ಸಾಯುವವರು ಕೊಟ್ಟಾರದ ಬಟ್ಟೆ ವ್ಯಾಪಾರಿ. ಪಟ್ಟಿಯಲ್ಲಿ ಇಲ್ಲದವನು ಎಂ.ಎ. ಓದಿದ ಕಿರಿಯ ಮಗ. ಮೇಷ್ಟ್ರು, ಕೊಡೆ, ಮಗಳು, ಯಾರೂ ಇಲ್ಲ. ಮೊದಲ ಪುಟದಲ್ಲಿ, ಹಿಂದಿನ ಮುದ್ರಣದ ಸುಳಿವು ಲೇಖಕನ ತಪ್ಪು, ಆ ಮಗಳ ಹೆಸರು ಪತ್ರಿಕೆಯಲ್ಲಿ ಇತ್ತು ಎಂದು ಎರಡು ಸಾಲು ಹಾಕಿಸಿದೆ.

ಪುಸ್ತಕ ಕೊಟ್ಟಾಗ ನರ್ಸ್ ಗೇಟಿನಲ್ಲೇ ನಿಂತು ಆ ಪುಟ ಓದಿದರು. ಹಿಂಬದಿಯ ಸಾರಾಂಶವನ್ನೂ ಓದಿದರು.

"ಇನ್ನು ನಿಮ್ಮನ್ನು ಕೇಳ್ತಾರೆ," ಎಂದರು.

ಕೇಳುತ್ತಿದ್ದಾರೆ. ಮೊನ್ನೆ ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಹಳೆಯ ಗಿರಾಕಿಯೊಬ್ಬರು ನನ್ನ ತೋಳು ಹಿಡಿದು, "ನಿಮಗೂ ಅಪ್ಪನಿಗೂ ಎಂತ ಆಗಿತ್ತು?" ಎಂದರು. ಏನೂ ಆಗಿರಲಿಲ್ಲ ಎಂದೆ. ಅವರು ನಂಬಲಿಲ್ಲ. ಮನೆಗೆ ಬಂದು ಫೈಲು ತೆರೆದು ನನ್ನ ಹೆಸರನ್ನು ಇನ್ನೊಮ್ಮೆ ನೋಡಿದೆ.