ನೀಲಿ ಅಂಟಿನ ಪುಸ್ತಕಗಳು

ನಿರ್ಮಲಾಗೆ ಕಾಗದ ಕಂಡರೆ ಕೈ ಸುಮ್ಮನಿರದು. ಹಾಲ್ಕುರಿಕೆ ಹತ್ತಿರದ ಒಂದು ಸಣ್ಣ ಊರಿನ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಟೀಚರು. ಯಾರ ಮನೇಲಿ ಮದುವೆ ಮುಗಿಯಲಿ, ಉಳಿದ ಲಗ್ನಪತ್ರಿಕೆ ಇವಳ ಚೀಲಕ್ಕೆ. ಅವನ್ನು ಮಡಿಸಿ, ತೆಂಗಿನ ಗರಿಯ ಕಡ್ಡಿ ಬೆನ್ನಿಗಿಟ್ಟು ಹೊಲಿದು, ಅಂಗೈಯಗಲದ ಪುಸ್ತಕ ಮಾಡುತ್ತಾಳೆ. ಒಂದೊಂದು ಮಗುವಿಗೂ ಅದರದೇ ಪುಸ್ತಕ, ಅದರದೇ ಮಾತು. 'ನಮ್ಮ ಹಸ ಒದೀತದೆ' ಅಂತ ಮಗು ಅಂದರೆ ಹಾಗೇ ಬರೆದು, ಪಕ್ಕಕ್ಕೊಂದು ಹಸುವಿನ ಚಿತ್ರ ಅಂಟಿಸುತ್ತಾಳೆ. ತನ್ನ ಮಾತು ಕಾಗದದ ಮೇಲೆ ಕೂತಿದ್ದು ಕಂಡ ಮಗು ಬಿಟ್ಟೀತೇ? ಬೆರಳಿಟ್ಟು ಬೆರಳಿಟ್ಟು ಅಕ್ಷರ ಗುರುತು ಹಿಡಿಯುತ್ತಿತ್ತು.

ಇಂಪನಾ ಅನ್ನೋ ನಾಲ್ಕು ವರ್ಷದ ಕಿಲಾಡಿ ಮಾತ್ರ ಓದುವುದರ ಜೊತೆಗೆ ಪುಸ್ತಕ ತಿನ್ನುತ್ತಲೂ ಇದ್ದಳು. ಅವಳ ಯಾವ ಪುಸ್ತಕಕ್ಕೂ ಮೂಲೆ ಅನ್ನೋದೇ ಉಳಿದಿರಲಿಲ್ಲ. "ಅಕ್ಷರಾನ ಹೊಟ್ಟೆಗೇ ಇಳಿಸ್ಕೋತೀಯಲ್ಲೇ!" ಅಂತ ನಿರ್ಮಲಾ ನಗುತ್ತಿದ್ದಳು.

ಹಾಳು ಜಿರಲೆಗಳೂ ತಿನ್ನುತ್ತಿದ್ದವು, ಅದಕ್ಕೆ ನಗು ಬರುತ್ತಿರಲಿಲ್ಲ. ಮೈದಾ ಅಂಟಿನ ರುಚಿ ಹತ್ತಿ ಈ ವರ್ಷದ ಹದಿನಾಲ್ಕು ಪುಸ್ತಕಗಳನ್ನೂ ಒಂದೇ ತಿಂಗಳಲ್ಲಿ ತೂತು ಮಾಡಿ ಹಾಕಿದವು. ರೋಸಿಹೋಗಿ, ತಿಪಟೂರಿನಲ್ಲಿ ಬೈಂಡಿಂಗ್ ಮಾಡುವ ಮುದುಕ ಶಂಭುಲಿಂಗಯ್ಯನವರನ್ನು ಕೇಳಿದಳು. "ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕವ್ವ, ಒಂದು ಹುಳ ಹತ್ರ ಸುಳಿಯಲ್ಲ" ಅಂದರು. ಮಕ್ಕಳ ಕೈಗೆ ಹೋಗುವ ಪುಸ್ತಕ ಅಂತ ಇವಳು ಹೇಳಲಿಲ್ಲ, ಅವರು ಕೇಳಲಿಲ್ಲ. ಮೈಲುತುತ್ತಕ್ಕೇನು ಬರ? ತೆಂಗಿನ ಸುಳಿ ಕೊಳೆತರೆ ಸುಣ್ಣದ ಜೊತೆ ಕಲಸಿ ಬಳಿಯುವ ನೀಲಿ ಹರಳು, ತೋಟ ಇದ್ದವರ ಮನೆಯಲ್ಲೆಲ್ಲ ಇರುತ್ತದೆ. ವಿಷ ಅಂತ ಗೊತ್ತಿಲ್ಲದವಳೇನಲ್ಲ. ಆದರೆ ಜಿರಲೆ ಮೇಲಿನ ಸಿಟ್ಟಿಗೆ ಬುದ್ಧಿ ಎಲ್ಲಿಗೋ ಹೋಗಿತ್ತು. ಚಿಟಿಕೆಯ ಬದಲು ಒಂದು ಚಮಚವೇ ಬಿತ್ತು.

ಶನಿವಾರ ಮಧ್ಯಾಹ್ನ ಹೊಸ ಪುಸ್ತಕ ಹಂಚಿ, "ಮನೇಲಿ ಎಲ್ರಿಗೂ ಓದಿ ತೋರಿಸ್ರೋ" ಅಂತ ಕಳಿಸಿದಳು. ನಾಲ್ಕೂವರೆಗೆ ಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು, ಮಾದರಿಗೆ ಉಳಿಸಿಕೊಂಡಿದ್ದ ಒಂದನ್ನು ತೆಗೆದಳು. ಹಾಳೆ ಅಂಟಿಕೊಂಡಿತ್ತು. ಬೆರಳು ನಾಲಿಗೆಗೆ ತಾಗಿಸಿ ಮಗುಚಿದಳು, ಮತ್ತೊಮ್ಮೆ ತಾಗಿಸಿದಳು. ಬಾಯೆಲ್ಲ ತಾಮ್ರದ ಕಾಸು ಚೀಪಿದ ಹಾಗೆ ಒಗರು. ಅಯ್ಯೋ ದೇವರೇ, ಇಂಪನಾ!

ಟಿವಿಎಸ್ ಹತ್ತಿ ಹೋದಾಗ ಇಂಪನಾಳ ತಾಯಿ ಲಿಖಿತಾ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. "ಅವ್ಳು ಅಜ್ಜಿ ಜೊತೆ ಮಾಯಸಂದ್ರಕ್ಕೆ ಹೋದ್ಲಲ್ಲ ಮೇಡಂ, ಈಗಿನ್ನೂ ಬಸ್ ಹತ್ಸಿ ಬಂದೆ. ಪುಸ್ತಕ ಬಿಟ್ಟು ಹೋಗಲ್ಲ ಅಂತ ಒಂದೇ ಹಟ. ಯಾಕೆ?"

ಇಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ವಿಷ ಅಂದರೆ ಹನ್ನೊಂದು ವರ್ಷದ ಹೆಸರು ಮಣ್ಣುಪಾಲು, ಕೆಲಸವೂ ಹೋದೀತು ಅನ್ನೋ ಭಯ. "ಏನಿಲ್ಲ ಕಣೇ, ಒಂದು ತಪ್ಪು ಬಿದ್ದದೆ, ತಿದ್ದಿ ಕೊಡ್ತೀನಿ" ಅಂದಳು. ಅಜ್ಜಿ ಶಿವರುದ್ರಮ್ಮನ ನಂಬರ್ ಇಸ್ಕೊಂಡು ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ.

ಉಳಿದ ಹದಿಮೂರು ಮನೆಗಳಿಗೂ ತೋಟದ ದಾರಿ ಹಿಡಿದು ಸುತ್ತಿದಳು. ಎಲ್ಲ ಬಾಗಿಲಲ್ಲೂ ಅದೇ ಸುಳ್ಳು. "ಟೀಚರಮ್ಮನಿಗೂ ತಪ್ಪಾಯ್ತದಾ!" ಅಂತ ಮಂಜಮ್ಮ ಕಿಚಾಯಿಸಿದಳು. ಇವಳ ಕಣ್ಣೋ ಅವಳ ಮಗನ ತುಟಿಯ ಮೇಲೆ. ಒಂದೊಂದು ಪುಸ್ತಕ ಚೀಲಕ್ಕೆ ಬಿದ್ದಾಗಲೂ ಮತ್ತೆ ಫೋನು, ಮತ್ತೆ ಅದೇ ರಿಂಗು. ಹದಿಮೂರೂ ಸಿಕ್ಕಿದ ಮೇಲೆ, ಐದೂವರೆಗೆ, ಅಂತೂ ಶಿವರುದ್ರಮ್ಮ ಎತ್ತಿದರು.

"ಅಮ್ಮಾ, ನಾನು ಅಂಗನವಾಡಿ ನಿರ್ಮಲಾ. ಆ ಪುಸ್ತಕ ಮಗು ಕೈಯಿಂದ ಇಸ್ಕೊಳ್ಳಿ, ತಪ್ಪು ಬಿದ್ದದೆ."

"ಬುಡಿ ಟೀಚರಮ್ಮ, ಇದೊಂದು ತಪ್ಪಾ! ಕಿತ್ಕೊಂಡ್ರೆ ಬಸ್ಸೆಲ್ಲ ರಂಪ ಮಾಡ್ತಾಳೆ."

"ಏನ್ ಮಾಡ್ತಾವ್ಳೆ ಈಗ?"

"ಇನ್ನೇನು, ಕಚ್ಕೊಂಡು ಕೂತವ್ಳೆ."

ನಿರ್ಮಲಾ ಕಿರುಚಿದಳು. "ಕಿತ್ಕೊಳ್ಳೀಮ್ಮಾ! ಅದ್ರಲ್ಲಿ ಮೈಲುತುತ್ತ ಐತೆ! ನಾನೇ, ನನ್ ಕೈಯಾರೆ ಹಾಕಿದ್ದು. ಬಸ್ ಇಳೀರಿ, ಆಸ್ಪತ್ರೆಗೆ ಹೋಗಿ!"

ಆ ಕಡೆ ಮಗು ಚೀರಿದ್ದು ಕೇಳಿಸಿತು, ಫೋನ್ ಕಟ್ಟಾಯಿತು.

ಚೀಲ ತಬ್ಬಿಕೊಂಡು ಬದುವಿನ ಮೇಲೆ ಕೂತವಳು ಒಂದೂವರೆ ಗಂಟೆ ಏಳಲಿಲ್ಲ. ಏಳು ಗಂಟೆಗೆ ಶಿವರುದ್ರಮ್ಮನೇ ಫೋನ್ ಮಾಡಿದರು. "ತುರುವೇಕೆರೇಲಿ ಇಳಿದ್ವಿ. ಎರಡು ಸಲ ವಾಂತಿ ಆಯ್ತು. ಹೆದರಬೇಡಿ, ಆದ್ರೂ ಒಂದಿನ ಇಲ್ಲೇ ಇರ್ಲಿ ಅಂದವ್ರೆ ಡಾಕ್ಟ್ರು. ಲಿಖಿತಾನೂ ಬಂದವ್ಳೆ." ಇಷ್ಟೇ ಹೇಳಿ ಇಟ್ಟರು. ನಿರ್ಮಲಾ ಗೊಳೋ ಅಂತ ಅತ್ತಳು.

ಭಾನುವಾರ ಹದಿಮೂರು ಮನೆಗಳ ಮುಂದೂ ಏನೋ ಕೆಲಸ ಇದ್ದವಳಂತೆ ಹಾದುಹೋದಳು. ಮಕ್ಕಳು ಆಡುತ್ತಿದ್ದವು. ಇನ್ನು ಹೇಳಿ ಯಾರಿಗೇನು ಲಾಭ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೋಮವಾರ ಹದಿಮೂರು ಮಕ್ಕಳೂ ಬಂದವು. ಬಿಡಲು ಬಂದ ಮಂಜಮ್ಮ, "ತಿದ್ದಿದ್ರಾ ಟೀಚರಮ್ಮ, ತಪ್ಪು?" ಅಂತ ನಕ್ಕು ಹೋದಳು. ಹತ್ತು ಗಂಟೆಗೆ ಇಂಪನಾಳನ್ನು ಸೊಂಟದ ಮೇಲೆ ಹೊತ್ತು ಶಿವರುದ್ರಮ್ಮ ಬಾಗಿಲಿಗೆ ಬಂದರು. ನಿರ್ಮಲಾ ಎದ್ದು ಕೈ ಮುಗಿದಳು. ಬಯ್ಯಲಿ, ಎರಡೇಟು ಹೊಡೆಯಲಿ ಅಂತಲೇ ನಿಂತಳು.

"ಬೇಡಮ್ಮ ಅಂತ ಲಿಖಿತಾ ಅಳ್ತಾವ್ಳೆ. ನಾನೇ ಕರ್ಕೊಂಡು ಬಂದೆ" ಅಂದರು ಶಿವರುದ್ರಮ್ಮ. "ನಿಮ್ಮ ಕೆಲಸ ಹೋದ್ರೂ ಚಿಂತೆಯಿಲ್ಲ ಅಂತ ಬಾಯಿ ಬಿಟ್ರಲ್ಲ, ಅದಕ್ಕೆ ನನ್ ಮೊಮ್ಮಗು ಉಳೀತು. ಈ ಮಕ್ಕಳ ಮನೆಯೋರಿಗೂ ಹಂಗೇ ಹೇಳಿದ್ರಾ?"

ನಿರ್ಮಲಾ ತಲೆ ಎತ್ತಲಿಲ್ಲ. "ಇಲ್ಲ" ಅಂದಳು.

ಮುದುಕಿ ಮಗುವನ್ನು ಚಾಪೆ ಮೇಲಿಳಿಸಿ ತಾವೂ ಪಕ್ಕದಲ್ಲಿ ಕೂತರು. "ಹೋಗಿ ಹೇಳಿ ಬನ್ನಿ. ಅಲ್ಲೀಗಂಟ ಮಕ್ಕಳನ್ನ ನಾನ್ ನೋಡ್ಕೋತೀನಿ."

ನಿರ್ಮಲಾ ಚಪ್ಪಲಿ ಮೆಟ್ಟಿಕೊಂಡು ಮೊದಲು ಮಂಜಮ್ಮನ ತೋಟದ ಕಡೆ ನಡೆದಳು.